ಮುನ್ನೂರ ಹನ್ನೊಂದು ಅಕ್ಷರ

ನಾಲ್ಕು ಶನಿವಾರಗಳಲ್ಲಿ ದಾರದಕ್ಕ ಕತ್ತರಿಸಿದ ಅಕ್ಷರಗಳು ಮುನ್ನೂರ ಹನ್ನೊಂದು. ಕಲಿತ ಅಕ್ಷರ ಒಂದೂ ಇಲ್ಲ.

ಎಣಿಕೆ ತಪ್ಪುವ ಹೆಂಗಸಲ್ಲ ಅವಳು. ದೊಡ್ಡಾಸ್ಪತ್ರೆಯ ಹಿಂದಿನ ಲಾಂಡ್ರಿಯಲ್ಲಿ ಹನ್ನೊಂದು ವರ್ಷ ಚಾದರ ಎಣಿಸಿದವಳು. ಬೆಳಿಗ್ಗೆ ಏಳಕ್ಕೆಲ್ಲ ಗಂಟುಗಳು ಬಂದು ಬೀಳುತ್ತವೆ. ರಕ್ತದ್ದು, ಕೀವಿನದು, ವಾಂತಿಯದು. ಬಿಚ್ಚಬೇಕು, ಕೊಡವಬೇಕು, ಯಾವ ವಾರ್ಡಿನದೆಂದು ನೋಡಿ ಬೇರೆ ಬೇರೆ ಗುಡ್ಡೆ ಹಾಕಬೇಕು. ಪ್ರತಿ ಚಾದರದ ಮೂಲೆಯಲ್ಲೂ ದಾರದ ಗುರುತು. ಕೆಂಪು ದಾರದ ಎರಡು ಹೊಲಿಗೆಯಿದ್ದರೆ ಹೆರಿಗೆ ವಾರ್ಡು. ಹಸಿರಿನ ಮೂರು ಹೊಲಿಗೆ ಮಕ್ಕಳದು. ನೀಲಿಯದೊಂದು ಅಡ್ಡ ಹೊಲಿಗೆ ಸುಟ್ಟವರದು. ಕರಿ ಗಂಟು ಆಪರೇಷನ್ ಕೋಣೆಯದು. ಹೀಗೆ ನಲವತ್ತಕ್ಕೂ ಮೇಲೆ. ಅಷ್ಟೂ ಅವಳಿಗೆ ಬಾಯಿಪಾಠ. ಒದ್ದೆ ಬಟ್ಟೆಯ ಮೂಲೆಯನ್ನು ಕಣ್ಣುಮುಚ್ಚಿ ಸವರಿ, "ಇದು ಹೆರಿಗೆದು, ಇದು ಮೂಳೆದು" ಎಂದು ಹೇಳಿಬಿಡುತ್ತಿದ್ದಳು. ದಾರದಕ್ಕ ಎಂಬ ಹೆಸರು ಬಿದ್ದದ್ದು ಹಾಗೆ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಅದನ್ನೂ ಅವಳು ಓದಿರಲಿಲ್ಲ.

ಒಂದು ದಿನ ಸೂಪರ್‌ವೈಸರ್ ಬಂದ. ಕೈಯಲ್ಲಿ ಬಿಳಿ ಪಟ್ಟಿಗಳ ಸುರುಳಿ.

"ಇನ್ಮೇಲೆ ದಾರ ಗೀರ ಏನೂ ಇಲ್ಲ. ಎಲ್ಲದಕ್ಕೂ ಲೇಬಲ್. ವಾರ್ಡಿನ ಹೆಸರು ಬರೆದಿರುತ್ತೆ, ಓದಿ ಬೇರೆ ಮಾಡ್ಬೇಕು. ಮುಂದಿನ ತಿಂಗಳ ಕೊನೇಲಿ ಒಬ್ಬೊಬ್ರನ್ನೇ ಕರೆದು ಓದಿಸ್ತೀನಿ. ಬಂದ್ರೆ ಇಲ್ಲಿ. ಬರ್ಲಿಲ್ಲ ಅಂದ್ರೆ ತೊಟ್ಟಿ."

ತೊಟ್ಟಿ ಅಂದರೇನೆಂದು ಎಲ್ಲರಿಗೂ ಗೊತ್ತು. ಹಿಂದಿನ ಕೋಣೆಯಲ್ಲಿ ಸೊಂಟದೆತ್ತರದ ಸಿಮೆಂಟ್ ತೊಟ್ಟಿ. ಬಿಸಿನೀರು, ಸೋಡಾ, ಬ್ಲೀಚಿಂಗ್ ಪುಡಿ. ಕಿಟಕಿ ಒಂದೇ, ಅದೂ ತುಕ್ಕು ಹಿಡಿದು ತೆರೆಯುವುದಿಲ್ಲ. ಕೈಗವಸು ಕೊಡುತ್ತಾರೆ, ವಾರಕ್ಕೆ ತೂತು ಬೀಳುತ್ತದೆ, ಇನ್ನೊಂದು ಕೇಳಿದರೆ ಮೂರು ತಿಂಗಳು ಆಗಲಿ ಅನ್ನುತ್ತಾರೆ. ಎರಡು ವರ್ಷ ಅಲ್ಲಿ ನಿಂತವರ ಉಗುರು ಉದುರುತ್ತವೆ. ಮೂರನೇ ವರ್ಷ ಕೆಮ್ಮು ಶುರು. ದಾರದಕ್ಕನ ಚಿಕ್ಕಮ್ಮ ಆ ತೊಟ್ಟಿಯ ಪಕ್ಕದಲ್ಲೇ ಕೆಮ್ಮಿ ಕೆಮ್ಮಿ ಸತ್ತವಳು. ಅವಳನ್ನು ಹೊದಿಸಿ ಕಳಿಸಿದ ಚಾದರ ಯಾವ ವಾರ್ಡಿನದೆಂದು ಕೂಡ ದಾರದಕ್ಕನಿಗೆ ನೆನಪಿದೆ. ಮರುದಿನ ಅದು ಒಗೆಯಲು ವಾಪಸ್ ಬಂದಿತ್ತು.

ಅದೇ ವಾರ ಮಗಳು ಶಾಲೆಯಿಂದ ಹಳದಿ ಕಾಗದ ತಂದಳು. ಎರಡನೇ ಕ್ಲಾಸಿನ ಹುಡುಗಿ, ಚೂಟಿ ಅಂತಲೇ ಎಲ್ಲರೂ ಕರೆಯುವುದು. ಒಂದು ಕಡೆ ನಿಲ್ಲುವವಳಲ್ಲ, ಕೇಳಿದ್ದಕ್ಕೆ ಒಂದರ ಬದಲು ಎರಡು ಉತ್ತರ ಕೊಡುವವಳು. ಬಾಗಿಲಲ್ಲೇ ನಿಂತು ಬೆರಳಿಟ್ಟು ಓದಿದಳು.

"ಕೂಡಿ ಕಲಿಯೋಣ. ಓದಲು ಬಾರದ ತಂದೆ ತಾಯಂದಿರಿಗೆ ಮಕ್ಕಳ ಜೊತೆ ಅಕ್ಷರ ಕಲಿಸಲಾಗುವುದು. ಆರು ಶನಿವಾರ. ಬೆಳಿಗ್ಗೆ ಹತ್ತು ಗಂಟೆ."

ಓದಿ ಮುಗಿಸಿ ಅಮ್ಮನ ಮುಖ ನೋಡಿದಳು. "ಅಮ್ಮ, ನಿಂಗೆ ಓದೋಕೆ ಬರಲ್ವಾ?"

ಇಷ್ಟು ದಿನ ದಾರದಕ್ಕ ಅದನ್ನು ಮಗಳಿಂದ ಮುಚ್ಚಿಟ್ಟಿದ್ದಳು. ನೋಟ್ ಪುಸ್ತಕ ತಂದರೆ ತಿರುವಿ ನೋಡಿ, "ಹೂಂ, ಚೆನ್ನಾಗಿದೆ, ಅಕ್ಷರ ಇನ್ನೂ ದುಂಡಗೆ ಬರಬೇಕು" ಅನ್ನುತ್ತಿದ್ದಳು. ಎಲ್ಲ ತಾಯಂದಿರೂ ಅನ್ನುವ ಮಾತು. ಹೆಚ್ಚು ಕಡಿಮೆ ಎಲ್ಲ ಪುಟಕ್ಕೂ ಹೊಂದುತ್ತದೆ. ಅಪ್ಪ ಲಾರಿಯ ಹಿಂದೆ ಹೋದರೆ ಹದಿನೈದು ದಿನ ಮನೆಗೆ ಬರುವವನಲ್ಲ. ಹಾಗಾಗಿ ಕೇಳುವವರೂ ಇರಲಿಲ್ಲ.

"ಸ್ವಲ್ಪ ಬರುತ್ತೆ," ಎಂದಳು. "ಮರೆತುಹೋಗಿದೆ."

ಸುಳ್ಳು. ಮರೆಯಲು ಮೊದಲು ಕಲಿತಿರಬೇಕಲ್ಲ.

ಶನಿವಾರ ಬೆಳಗಿನ ರಜೆ ಸುಲಭಕ್ಕೆ ಸಿಗಲಿಲ್ಲ. ಸೂಪರ್‌ವೈಸರ್ ತಲೆ ಕೆರೆದುಕೊಂಡ, ರಿಜಿಸ್ಟರ್ ತಿರುವಿದ. ಶನಿವಾರ ಅರ್ಧ ದಿನ ಬಿಡಬೇಕಾದರೆ ಭಾನುವಾರ ಇಡೀ ದಿನ ತೊಟ್ಟಿಯಲ್ಲಿ ಮಾಡು ಎಂದ. ತೊಟ್ಟಿ ತಪ್ಪಿಸಿಕೊಳ್ಳಲು ತೊಟ್ಟಿಗೇ ಇಳಿಯಬೇಕು. ಹೂಂ ಅಂದಳು. ಬೇರೆ ಏನನ್ನಬೇಕಿತ್ತು?

ಮೊದಲನೇ ಶನಿವಾರ ತಲೆ ಬಾಚಿ, ಒಗೆದ ಸೀರೆ ಉಟ್ಟು, ಮಗಳ ಕೈಹಿಡಿದು ಶಾಲೆಯ ದೊಡ್ಡ ಹಾಲಿಗೆ ಹೋದಳು. ಗೋಡೆಗೆ ಹೊಸ ಸುಣ್ಣದ ವಾಸನೆ. ಮುಂದೆ ಬೆಂಚುಗಳು, ಅವುಗಳ ಮೇಲೆ ಬಣ್ಣಬಣ್ಣದ ಪುಸ್ತಕಗಳು. ಮೂಲೆಯ ಮೇಜಿನ ಮೇಲೆ ಕೆಂಪು ಚೀಲಗಳ ಸಾಲು. ಕೊನೆಯ ದಿನ ಒಂದೊಂದು ಮಗುವಿಗೆ ಒಂದೊಂದು ಚೀಲ, ಒಳಗೆ ಐದು ಕಥೆಪುಸ್ತಕ. ಚೂಟಿಯ ಕಣ್ಣು ಅಲ್ಲಿಗೆ ಹೋದದ್ದು ಮತ್ತೆ ಈಚೆಗೆ ಬರಲಿಲ್ಲ.

ಕಾರ್ಯಕ್ರಮ ನಡೆಸುವ ಮೇಡಂ ಕೈತಟ್ಟಿ ಎಲ್ಲರನ್ನೂ ಕರೆದರು. ನಗುಮುಖದ ಹೆಂಗಸು, ಕೊರಳಲ್ಲಿ ಗುರುತಿನ ಚೀಟಿ.

"ಓದೋಕೆ ಬರೋ ಪೇರೆಂಟ್ಸ್ ದಯವಿಟ್ಟು ಬೆಂಚಿನ ಮೇಲೆ ಕೂತ್ಕೊಳ್ಳಿ. ಬಾರದವರು ಹಿಂದೆ ಚಾಪೆ ಮೇಲೆ ಕೂರಮ್ಮ."

ಒಂದೇ ಉಸಿರಿನಲ್ಲಿ ಬೆಂಚಿಗೆ ಬಹುವಚನ, ಚಾಪೆಗೆ ಏಕವಚನ. ಮೇಡಂಗೆ ಅದು ಗೊತ್ತೂ ಆಗಲಿಲ್ಲ. ಚಾಪೆಯ ಮೇಲಿನವರಿಗೆ ಗೊತ್ತಾಯಿತು. ಅವರಿಗೆ ಅದು ಹುಟ್ಟಿದಾಗಿನಿಂದ ಗೊತ್ತಾಗುತ್ತಲೇ ಇದೆ.

ಚಾಪೆಯ ಮೇಲೆ ಹನ್ನೊಂದು ಜನ. ಮನೆಗೆಲಸದವರು, ಕಸ ಗುಡಿಸುವವರು, ಗೇಟ್ ಕಾಯುವ ಒಬ್ಬ ಅಪ್ಪ, ತಲೆಮೇಲೆ ಬುಟ್ಟಿ ಹೊತ್ತು ಮಾರುವ ಸೊಪ್ಪಿನಕ್ಕ. ಬೆಂಚಿನ ಮೇಲೆ ಅಂಗಡಿಯವರು, ಆಫೀಸಿನವರು. ಓದಲು ಬಾರದವರಿಗೆ ಎಂದು ಕಾಗದ ಕಳಿಸಿ, ಓದಲು ಬರುವವರಿಗೆ ಬೆಂಚು ಹಾಕಿದ್ದರು.

"ಮಕ್ಕಳೆಲ್ಲ ಮುಂದೆ ಬನ್ನಿ, ನನ್ನ ಸುತ್ತ," ಎಂದರು ಮೇಡಂ. ಚೂಟಿ ಅಮ್ಮನ ಕೈಬಿಟ್ಟು ಓಡಿದಳು. ಕೂಡಿ ಕಲಿಯುವುದು ಅಲ್ಲಿಗೆ ಮುಗಿಯಿತು. ಬೆಂಚಿನ ತಾಯಂದಿರು ಮಕ್ಕಳನ್ನು ಪಕ್ಕಕ್ಕೆ ಎಳೆದುಕೊಂಡು ಪುಸ್ತಕ ಬಿಚ್ಚಿದರು. ಚಾಪೆಯವರ ಮಕ್ಕಳು ಮೇಡಂ ಕಾಲ ಬಳಿ ಕೂತು ಕಥೆ ಕೇಳಿದರು.

ಚಾಪೆಯವರಿಗೆ ಒಬ್ಬ ಹುಡುಗಿ ಬಣ್ಣದ ರಟ್ಟು ತಂದು ಹಾಕಿದಳು. ರಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ದೊಡ್ಡ ಅಕ್ಷರ. ಹನ್ನೊಂದು ಜನಕ್ಕೆ ಐದು ಕತ್ತರಿ.

"ನಿಮಗೆಲ್ಲ ಕೈಕೆಲಸ ಚೆನ್ನಾಗಿ ಬರುತ್ತಲ್ವಾ," ಎಂದರು ಮೇಡಂ, ನಗುತ್ತಲೇ. "ಗೆರೆ ಮೇಲೇ ಕತ್ತರಿಸಿ. ಕೊನೇ ದಿನ ಅತಿಥಿಗಳು ಬರ್ತಾರೆ, ಇಡೀ ಹಾಲ್ ಅಕ್ಷರದಿಂದ ತುಂಬಿರಬೇಕು."

ದಾರದಕ್ಕ ಕತ್ತರಿಸಿದಳು. ಮೊದಲು ಕೈಗೆ ಬರಲಿ, ಆಮೇಲೆ ಬಾಯಿಗೆ ಬರುತ್ತದೆ, ಕಲಿಸುವ ರೀತಿಯೇ ಹೀಗಿರಬಹುದು ಅಂದುಕೊಂಡಳು. ಮೊಂಡು ಕತ್ತರಿ. ಹೆಬ್ಬೆರಳಿನ ಬುಡದಲ್ಲಿ ಗುಳ್ಳೆ ಎದ್ದಿತು. ಮರುದಿನ ಭಾನುವಾರ, ಆ ಗುಳ್ಳೆ ತೊಟ್ಟಿಯ ಸೋಡಾದಲ್ಲಿ ಒಡೆಯಿತು. ಹಲ್ಲು ಕಚ್ಚಿ ಸಂಜೆಯವರೆಗೆ ನಿಂತಳು.

ಎರಡನೇ ಶನಿವಾರವೂ ಕತ್ತರಿ. ಮೂರನೆಯದೂ ಕತ್ತರಿ.

ಮೂರನೇ ಶನಿವಾರ ದಾರದಕ್ಕ ಒಂದು ಅಕ್ಷರ ಎತ್ತಿ ಹಿಡಿದು ಕೇಳಿದಳು. "ಮೇಡಂ, ಇದು ಯಾವುದು?"

"ಹೇಳ್ತೀನಮ್ಮ. ಮೊದ್ಲು ಇಷ್ಟು ಮುಗಿಸಿಬಿಡು."

"ಒಂದು ಹೇಳಿ ಸಾಕು ಮೇಡಂ. ಕತ್ತರಿಸ್ತಾ ಕತ್ತರಿಸ್ತಾ ಬಾಯಲ್ಲಿ ಹೇಳ್ಕೋತೀನಿ."

"ಅಯ್ಯೋ, ಅದಕ್ಕೆಲ್ಲ ಒಂದು ಕ್ರಮ ಇದೆ. ಹಾಗೆ ಬೀದೀಲಿ ಕಲ್ತ ಹಾಗೆ ಕಲಿಯೋಕಾಗಲ್ಲ."

ಸೊಪ್ಪಿನಕ್ಕ ಕತ್ತರಿ ಕೆಳಗಿಟ್ಟಳು. "ಬಿಡೇ, ಅವರನ್ನ ಯಾಕೆ ಕೇಳ್ತೀಯ. ನಾನು ಹೇಳ್ತೀನಿ ನೋಡು. ಇದು ಕುಂಬಳಕಾಯಿ. ಇದು ಬದನೆಕಾಯಿ. ಇದು ನನ್ನ ಗಂಡನ ಹೊಟ್ಟೆ."

ಚಾಪೆಯವರೆಲ್ಲ ನಕ್ಕರು. ಬೆಂಚಿನಿಂದ "ಶ್..." ಅಂತ ಬಂತು. ಮಕ್ಕಳು ಓದುತ್ತಿದ್ದಾರೆ, ಗಲಾಟೆ ಮಾಡಬೇಡಿ.

ಆ ದಿನದಿಂದ ದಾರದಕ್ಕ ಅಕ್ಷರಗಳಿಗೆ ತಾನೇ ಹೆಸರಿಟ್ಟುಕೊಂಡಳು. ಬಳೆಗೆ ಟೋಪಿ ಹಾಕಿದ್ದು ಒಂದು. ಬಾಗಿಲ ಕಮಾನಿನಂಥದು ಇನ್ನೊಂದು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡದ್ದು ಮತ್ತೊಂದು. ಆಕಾರಗಳೆಲ್ಲ ಅವಳಿಗೆ ಗೊತ್ತು. ಎಷ್ಟು ಸಲ ಕತ್ತರಿಸಿಲ್ಲ! ಕತ್ತಲಲ್ಲಿ ಕೊಟ್ಟರೂ ಬೆರಳಿನಲ್ಲಿ ಸವರಿ ಬೇರೆ ಮಾಡಿಯಾಳು. ಏನೆಂದು ಕೂಗಬೇಕೋ ಅದೊಂದೇ ಗೊತ್ತಿಲ್ಲ.

ಮಗಳನ್ನು ಕೇಳಬಹುದಿತ್ತು. ಪಕ್ಕದಲ್ಲೇ ಮಲಗುವ ಮಗಳು. ಲಾಂಡ್ರಿಯಿಂದ ಒಂದು ಲೇಬಲ್ ಪಟ್ಟಿ ಹರಿದು ತಂದು ಸೊಂಟಕ್ಕೆ ಸಿಕ್ಕಿಸಿಕೊಂಡೂ ಇದ್ದಳು. ಪ್ರತಿ ಸಂಜೆ ತೆಗೆಯಬೇಕು ಅಂದುಕೊಳ್ಳುವುದು, ಕೈ ಅಲ್ಲಿಗೆ ಹೋಗುವುದು, ಹಾಗೇ ವಾಪಸ್ ಬರುವುದು. ಹೆತ್ತ ಮಗಳ ಮುಂದೆ ಬಾಯಿ ಬಿಟ್ಟು, ನನಗೆ ಇದೂ ಗೊತ್ತಿಲ್ಲ ಅನ್ನುವುದು ಹೇಗೆ? ಎಂಟು ವರ್ಷದ ಆ ಪುಟ್ಟ ಮುಖ ಇವಳಿಗೆ ಸೂಪರ್‌ವೈಸರಿಗಿಂತ ದೊಡ್ಡ ಪರೀಕ್ಷೆಯಾಗಿತ್ತು. ಅಕ್ಷರ ಕಲಿಸುವವರು ಶಾಲೆಯಲ್ಲಿದ್ದಾರಲ್ಲ, ಅವರೇ ಕಲಿಸಲಿ, ಕಲಿತು ಬಂದು ಒಂದು ದಿನ ಇವಳ ಪುಸ್ತಕ ಇವಳಿಗೇ ಓದಿ ತೋರಿಸುತ್ತೇನೆ ಎಂದು ಸುಮ್ಮನಾದಳು. ಆ ಆಸೆಯಲ್ಲೇ ನಾಲ್ಕನೇ ಶನಿವಾರವೂ ಹೋಯಿತು.

ಐದನೇ ಶನಿವಾರ ಅಂಟಿಸುವ ಕೆಲಸ.

ಏಣಿ ತಂದಿಟ್ಟರು. ದಾರದಕ್ಕನ ಕೈ ಚೊಕ್ಕ ಎಂದು ಮೇಡಂ ಅವಳಿಗೇ ಮುಖ್ಯ ಗೋಡೆ ಕೊಟ್ಟರು. ಅವಳಿಗೂ ಒಳಗೊಳಗೇ ಹೆಮ್ಮೆ. ರಟ್ಟುಗಳನ್ನು ಕೊಟ್ಟ ವರಸೆಯಲ್ಲೇ ಸಾಲಾಗಿ ಅಂಟಿಸಿದಳು. ಒಂದು ಮೇಲಿಲ್ಲ, ಒಂದು ಕೆಳಗಿಲ್ಲ. ಎರಡು ಗಂಟೆ ಏಣಿಯ ಮೇಲೆ ನಿಂತು ಮೀನಖಂಡ ಗಟ್ಟಿಯಾಯಿತು. ಇಳಿದು ಬಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಬೆಂಚಿನ ಕಡೆಯಿಂದ ಯಾರೋ ಕಿಸಕ್ಕೆಂದರು. ಆಮೇಲೆ ಇನ್ನೊಬ್ಬರು. ಆಮೇಲೆ ಇಡೀ ಬೆಂಚು ನಕ್ಕಿತು. ಒಬ್ಬಾಕೆ ಮೊಬೈಲ್ ತೆಗೆದು ಫೋಟೋ ಹೊಡೆದಳು. ಮಕ್ಕಳು ಗೋಡೆ ತೋರಿಸಿ ಕುಣಿದರು.

ಅಕ್ಷರಗಳೆಲ್ಲ ಹಿಂದುಮುಂದಾಗಿದ್ದವು. ಕನ್ನಡಿಯಲ್ಲಿ ನೋಡಿದ ಹಾಗೆ.

ಅದು ಅವಳ ತಪ್ಪು ಹೌದು. ಹೇಗಾಯಿತು ಅಂದರೆ, ಲಾಂಡ್ರಿಯಲ್ಲಿ ಒಗೆದ ಬಟ್ಟೆ ಮಡಿಸುವಾಗ ಗುರುತು ಯಾವಾಗಲೂ ಒಳಗೆ ಹೋಗಬೇಕು. ಹೊರಗೆ ಕಂಡರೆ ಮೇಟ್ರನ್ ಬೈಯುತ್ತಾರೆ. ಹನ್ನೊಂದು ವರ್ಷ ದಿನಕ್ಕೆ ಐನೂರು ಸಲ ಮಾಡಿದ ಕೆಲಸ. ರಟ್ಟಿಗೆ ಎರಡೂ ಕಡೆ ಬಣ್ಣ ಒಂದೇ. ಸೀಮೆಸುಣ್ಣದ ಗೆರೆ ಕಂಡ ಕಡೆ ಅಂಟು ಹಚ್ಚಿ, ಗೆರೆ ಗೋಡೆಗೆ ಮಾಡಿ ಒತ್ತಿದ್ದಳು. ಅಕ್ಷರಕ್ಕೆ ಎಡ ಬಲ ಇದೆಯೆಂದು ಅವಳಿಗೆ ಯಾರು ಹೇಳಿದ್ದರು?

ಮೇಡಂ ಹಣೆ ಹಣೆ ಚಚ್ಚಿಕೊಂಡರು. "ಐದು ವಾರದಿಂದ ಬರ್ತಿದೀಯ! ಅಷ್ಟೂ ಕಣ್ಣಿಗೆ ಕಾಣಲ್ವಾ? ತಲೆ ಎಲ್ಲಿಟ್ಟಿದೀಯ?"

"ಯಾರಾದ್ರೂ ಹೇಳ್ಕೊಟ್ಟಿದ್ರೆ..." ಅಂದಳು ದಾರದಕ್ಕ.

"ಎಲ್ಲಾನೂ ಬಾಯಿಗೆ ತುತ್ತಿಡಬೇಕೇನಮ್ಮ ನಿಮಗೆ? ಮುಂದೆ ನಿಂತು ಮಕ್ಕಳಿಗೆ ಹೇಳ್ಕೊಡ್ತಿದ್ದದ್ದು ಕಿವಿಗೆ ಬೀಳಲಿಲ್ವಾ?"

ಬೀಳಲಿಲ್ಲ. ಹನ್ನೊಂದು ಜನ ಐದು ಕತ್ತರಿಯಲ್ಲಿ ರಟ್ಟು ಕಚಕಚ ಕತ್ತರಿಸುವಾಗ ಹಿಂದಿನ ಗೋಡೆಯ ಬಳಿ ಏನೂ ಕಿವಿಗೆ ಬೀಳುವುದಿಲ್ಲ. ಅದನ್ನು ಹೇಳಬೇಕೆಂದು ಬಾಯಿ ತೆರೆದವಳ ಕಣ್ಣಿಗೆ ಚೂಟಿ ಕಂಡಳು. ಮಕ್ಕಳೆಲ್ಲ ನಗುತ್ತಿದ್ದರು. ಚೂಟಿ ಮಾತ್ರ ತಲೆ ತಗ್ಗಿಸಿ ಚಪ್ಪಲಿಯ ಪಟ್ಟಿ ಬಿಚ್ಚಿ ಹಾಕಿ ಬಿಚ್ಚಿ ಹಾಕಿ ಮಾಡುತ್ತಿದ್ದಳು. ದಾರದಕ್ಕ ಅಂಟಿನ ಡಬ್ಬಿ ಎತ್ತಿಕೊಂಡಳು.

ಮತ್ತೆ ಏಣಿ ಹತ್ತಿಸಿದರು. ಎಲ್ಲವನ್ನೂ ಕಿತ್ತು ತಿರುಗಿಸಿ ಅಂಟಿಸಿದ್ದಾಯಿತು. ಮಧ್ಯಾಹ್ನದ ಪಾಳಿಗೆ ತಡವಾಗಿ ಹೋದಳು, ಅಲ್ಲೂ ಬೈಸಿಕೊಂಡಳು.

ಅದಕ್ಕೂ ಮೊದಲು, ಶಾಲೆಯಿಂದ ಮನೆಗೆ ಬರುವ ದಾರಿಯಲ್ಲಿ ಚೂಟಿ ಕೈಹಿಡಿಯಲಿಲ್ಲ. ನಾಲ್ಕು ಹೆಜ್ಜೆ ಮುಂದೆ ನಡೆದಳು. ತಿರುವಿನಲ್ಲಿ ನಿಂತು, ಗೋಡೆಯ ಕಡೆ ನೋಡುತ್ತ ಹೇಳಿದಳು: "ಅಮ್ಮ, ಮುಂದಿನ ವಾರ ನೀನು ಬರ್ಬೇಡ."

ದಾರದಕ್ಕ ಹೆಜ್ಜೆ ನಿಧಾನ ಮಾಡಿ ಹಿಂದೆಯೇ ನಡೆದಳು. ತೊಟ್ಟಿಯ ಸೋಡಾ ಕೂಡ ಅಷ್ಟು ಉರಿದಿರಲಿಲ್ಲ.

ಆದರೂ ಆರನೇ ಶನಿವಾರ ಹೋದಳು. ಸೂಪರ್‌ವೈಸರ್ ಓದಿಸುವ ದಿನಕ್ಕೆ ಇನ್ನು ನಾಲ್ಕೇ ದಿನ. ಕೊನೆಯ ದಿನವಾದರೂ ಒಂದು ಗಂಟೆ ಕೂರಿಸಿಕೊಂಡು ಹೇಳಿಕೊಡಬಹುದು, ಹೆರಿಗೆ ಯಾವುದು, ಮಕ್ಕಳು ಯಾವುದು, ಅಷ್ಟು ಗೊತ್ತಾದರೂ ಸಾಕು ಎಂಬ ಆಸೆ. ಆಸೆಗೆ ಮಾನ ಮರ್ಯಾದೆ ಇರುವುದಿಲ್ಲ.

ಹಾಲ್ ಝಗಮಗ ಅನ್ನುತ್ತಿತ್ತು. ನಾಲ್ಕೂ ಗೋಡೆಯ ತುಂಬ ಅಕ್ಷರ. ಕೆಂಪು, ಹಳದಿ, ನೀಲಿ. ಮುಂದೆ ಕುರ್ಚಿಗಳು, ಕುರ್ಚಿಯ ಮೇಲೆ ಅತಿಥಿ, ಎದೆಯ ಮೇಲೆ ಬಟ್ಟೆಯ ಹೂವು. ಕ್ಯಾಮೆರಾದವರಿಬ್ಬರು. ಚಾಪೆ ಮಾಯವಾಗಿತ್ತು. ಚಾಪೆಯವರನ್ನೆಲ್ಲ ಇವತ್ತು ಬೆಂಚಿನ ಮೇಲೆ ಕೂರಿಸಿದ್ದರು.

"ಬನ್ನಿ ಬನ್ನಿ, ಇಲ್ಲಿ ಕೂತ್ಕೊಳ್ಳಿ," ಎಂದರು ಮೇಡಂ. ಬನ್ನಿ! ಸೊಪ್ಪಿನಕ್ಕ ಹಿಂದೆ ತಿರುಗಿ ನೋಡಿದಳು, ಬೇರೆ ಯಾರನ್ನೋ ಕರೆಯುತ್ತಿದ್ದಾರೇನೋ ಎಂದು.

ಅತಿಥಿ ಮಾತಾಡಿದರು. ಅಕ್ಷರ ಬೆಳಕು ಎಂದರು. ಆಮೇಲೆ ಅಕ್ಷರ ಅಸ್ತ್ರ ಎಂದರು. ಅದು ಬೆಳಕೋ ಅಸ್ತ್ರವೋ ತೀರ್ಮಾನವಾಗುವ ಮೊದಲೇ ನೀರು ಕುಡಿದು ಕೂತರು. ಮೇಡಂ ಎದ್ದು, ಕಲಿತ ತಾಯಂದಿರು ಈಗ ಒಬ್ಬೊಬ್ಬರಾಗಿ ಬಂದು ಸ್ವಂತ ಕೈಯಿಂದ ಸಹಿ ಮಾಡಿ ಪ್ರಮಾಣಪತ್ರ ಪಡೆಯುತ್ತಾರೆ, ಮಕ್ಕಳಿಗೆ ಪುಸ್ತಕದ ಚೀಲ ಕೊಡಲಾಗುತ್ತದೆ ಎಂದರು.

ಮೊದಲು ಸೊಪ್ಪಿನಕ್ಕ ಹೋದಳು. ಬಗ್ಗಿ ಕಾಗದದ ಮೇಲೆ ಏನೋ ಎಳೆದಳು, ಬೆವರಿದಳು, ಚೀಲ ತೆಗೆದುಕೊಂಡಳು. ಚಪ್ಪಾಳೆ. ವಾಪಸ್ ಬಂದು ದಾರದಕ್ಕನ ಪಕ್ಕ ಕೂತು ಪಿಸುಗುಟ್ಟಿದಳು. "ಚುಕ್ಕಿ ಹಾಕಿ ಇಟ್ಟಿದಾರೆ ಕಣೇ. ಅದರ ಮೇಲೆ ಪೆನ್ನು ಎಳೆದ್ರಾಯ್ತು. ರಂಗೋಲಿ ಎಳೆದ ಹಾಗೆ."

ದಾರದಕ್ಕನ ಸರದಿ ಬಂತು. ಮೇಜಿನ ಮೇಲೆ ಅಚ್ಚು ಹಾಕಿದ ಕಾಗದ. ನಾಲ್ಕು ಸಾಲು ಬರಹ, ಕೆಳಗೆ ಚುಕ್ಕಿಗಳು. ಮೇಡಂ ಪೆನ್ನು ಕೈಗಿಟ್ಟರು.

"ಇಲ್ಲಿಂದ ಶುರು ಮಾಡಿ. ನಿಧಾನಕ್ಕೆ. ಕ್ಯಾಮೆರಾ ಕಡೆ ಸ್ವಲ್ಪ ಮುಖ ಎತ್ತಿ."

"ಇದರಲ್ಲಿ ಏನು ಬರೆದಿದೆ ಮೇಡಂ?"

"ಏನಿಲ್ಲ, ಸುಮ್ನೆ. ಎಲ್ರದ್ದೂ ಒಂದೇ."

"ಏನಿಲ್ಲ ಅಂದ್ರೆ ನಾಲ್ಕು ಸಾಲು ಯಾಕೆ ಬರೆದಿದೆ?"

ಮೇಡಂ ನಗು ಬಿಡಲಿಲ್ಲ. ದನಿ ಮಾತ್ರ ತಗ್ಗಿತು. "ಟೈಮಿಲ್ಲ, ಬೇಗ ಮಾಡು."

ದಾರದಕ್ಕ ಪೆನ್ನು ಕೆಳಗಿಟ್ಟಳು. ಹೆಬ್ಬೆರಳಿನ ಬುಡದಲ್ಲಿ ಒಡೆದ ಗುಳ್ಳೆ ಇನ್ನೂ ಮಾಗಿರಲಿಲ್ಲ. ಈ ಕೈ ಇಡೀ ಹಾಲಿನ ಗೋಡೆ ತುಂಬಿಸಿದೆ. ಈ ಕೈಗೆ ಎದುರಿನ ನಾಲ್ಕು ಸಾಲು ಏನೆಂದು ಹೇಳುವವರಿಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಎಷ್ಟು ದಿನ ಈ ನಾಚಿಕೆ? ಯಾರ ನಾಚಿಕೆ ಇದು? ಕಲಿಸದವರು ನಗುನಗುತ್ತ ನಿಂತಿದ್ದಾರೆ, ಕಲಿಯಲು ಬಂದವಳು ತಲೆ ತಗ್ಗಿಸಬೇಕೆ?

"ಚೂಟಿ," ಎಂದು ಕೂಗಿದಳು. "ಬಾ ಇಲ್ಲಿ."

ಮಕ್ಕಳ ಗುಂಪಿನಿಂದ ಚೂಟಿ ಎದ್ದು ಹೆದರುತ್ತ ಬಂದಳು.

"ನಂಗೆ ಓದೋಕೆ ಬರಲ್ಲ. ಮರೆತಿದೀನಿ ಅಂದಿದ್ದು ಸುಳ್ಳು. ಕಲ್ತೇ ಇಲ್ಲ. ನೀನು ಓದು, ನಾನು ಕೇಳ್ತೀನಿ."

ಚೂಟಿ ಅಮ್ಮನ ಮುಖ ನೋಡಿದಳು. ಆಮೇಲೆ ಕಾಗದದ ಮೇಲೆ ಬೆರಳಿಟ್ಟಳು. ಒತ್ತಕ್ಷರ ಬಂದಲ್ಲೆಲ್ಲ ತಡವರಿಸಿ, ಹಿಂದೆ ಹೋಗಿ, ಮತ್ತೆ ಓದಿದಳು.

"ನಾನು... ಈ ಕಾರ್ಯ... ಕಾರ್ಯಕ್ರಮದಲ್ಲಿ... ನನ್ನ ಮಗುವಿನ ಜೊತೆ ಕೂಡಿ... ಓದಲು ಬರೆಯಲು... ಕಲಿತಿದ್ದೇನೆ. ನನಗೆ... ಯಾವ ಕೊರತೆಯೂ ಆಗಿಲ್ಲ. ಈಗ ನಾನು ಪ್ರತಿದಿನ... ನನ್ನ ಮಗುವಿಗೆ... ಕಥೆ ಓದಿ ಹೇಳುತ್ತೇನೆ."

ಬೆರಳು ನಿಂತಿತು. ಚೂಟಿ ತಲೆ ಎತ್ತಿದಳು. "ಅಮ್ಮ, ನೀನು ನಂಗೆ ಯಾವತ್ತು ಕಥೆ ಓದಿ ಹೇಳಿದೀಯ?"

ದಾರದಕ್ಕ ಮೇಡಂ ಕಡೆ ತಿರುಗಿದಳು. "ಕೇಳಿದ್ರಲ್ಲ? ನನ್ನ ಮಗಳು ಕೇಳ್ತಿದಾಳೆ. ನೀವು ಹೇಳಿ."

"ನೋಡಮ್ಮ," ಮೇಡಂ ಹಲ್ಲಿನ ನಡುವೆ ಮಾತಾಡಿದರು, "ಇದನ್ನೆಲ್ಲ ಆಮೇಲೆ ನೋಡೋಣ. ಈಗ ಸಹಿ ಹಾಕು."

"ಹಾಕಲ್ಲ."

"ಹೆಬ್ಬೆಟ್ಟಾದ್ರೂ ಒತ್ತು. ಇಂಕು ತರಿಸ್ತೀನಿ."

"ಹೆಬ್ಬೆಟ್ಟಲ್ಲಿ ಗೆರೆ ಇಲ್ಲ. ಇಲ್ಲಿಗೆ ಬರೋಕೆ ಅಂತ ಐದು ಭಾನುವಾರ ತೊಟ್ಟೀಲಿ ನಿಂತು ಸವೆಸಿದೀನಿ. ಇದ್ದಿದ್ರೂ ಒತ್ತುತ್ತಿರಲಿಲ್ಲ. ನಾನು ಕಲ್ತಿಲ್ಲ. ನೀವು ಕಲಿಸಿಲ್ಲ. ಕಲ್ತಿದೀನಿ ಅಂತ ಬರೆದಿರೋದಕ್ಕೆ ನಾನು ಯಾಕೆ ಗುರುತು ಹಾಕ್ಲಿ?"

"ಹಾಗಾದ್ರೆ ನಿನ್ನ ಮಗಳಿಗೆ ಚೀಲ ಇಲ್ಲ."

ಆ ಮಾತು ತಾಗಬೇಕಾದ ಕಡೆಯೇ ತಾಗಿತು. ದಾರದಕ್ಕ ಮಗಳನ್ನು ನೋಡಿದಳು. ಆರು ವಾರದಿಂದ ಆ ಕೆಂಪು ಚೀಲದ ಮೇಲೇ ಕಣ್ಣಿಟ್ಟಿದ್ದ ಹುಡುಗಿ. ನಿದ್ದೆಯಲ್ಲೂ ಅದರ ಮಾತು. ಚೂಟಿ ಚೀಲದ ಕಡೆ ನೋಡಿದಳು. ಆಮೇಲೆ ಬಂದು ಅಮ್ಮನ ಸೆರಗು ಹಿಡಿದುಕೊಂಡಳು.

ದಾರದಕ್ಕ ಕಾಗದವನ್ನು ಎತ್ತಿಕೊಂಡಳು. ರಕ್ತದ ಚಾದರ ಮಡಿಸುವಾಗ ಕಲೆ ಒಳಗೆ ಬರುವ ಹಾಗೆ ಮಡಿಸುತ್ತಾರೆ, ಮುಟ್ಟಿದವರ ಕೈಗೆ ಹತ್ತದಿರಲಿ ಎಂದು. ಹಾಗೆಯೇ ಬರಹ ಒಳಗೆ ಮಾಡಿ, ನಾಲ್ಕು ಮಡಿಕೆ ಮಾಡಿ, ಮೇಡಂ ಕೈಯಲ್ಲಿಟ್ಟಳು.

ನೇರ ಗೋಡೆಯ ಹತ್ತಿರ ಹೋದಳು. ಕೈಗೆ ಎಟುಕಿದ ಮೊದಲ ಅಕ್ಷರಕ್ಕೆ ಉಗುರು ಹಾಕಿ ಕಿತ್ತಳು. ಚರ್‌ ಅಂತ ಸುಣ್ಣದ ಸಮೇತ ಬಂತು.

"ಏಯ್! ಏನ್ ಮಾಡ್ತಿದೀಯ? ಅದು ಕಾರ್ಯಕ್ರಮದ್ದು!"

"ಕತ್ತರಿಸಿದ್ದು ನಾನು. ಅಂಟಿಸಿದ್ದು ನಾನು. ಎರಡು ಸಲ." ಬಳೆಗೆ ಟೋಪಿ ಹಾಕಿದ್ದನ್ನು ಮಗಳ ಮುಂದೆ ಹಿಡಿದಳು. "ಇದು ಯಾವುದೇ?"

"ರ," ಅಂದಳು ಚೂಟಿ ಮೆಲ್ಲಗೆ.

"ರ." ಅದೇ ಮೊದಲ ಸಲ ಆ ಆಕಾರಕ್ಕೆ ಒಂದು ಸದ್ದು ಸಿಕ್ಕಿತು. ಕಮಾನಿನಂಥದನ್ನು ಕಿತ್ತಳು. "ಇದು?"

"ಗ."

"ಗ." ದಾರದಕ್ಕ ಸೊಂಟಕ್ಕೆ ಸಿಕ್ಕಿಸಿದ್ದ ಲೇಬಲ್ ತೆಗೆದು ಬಿಡಿಸಿದಳು. ಮೂರು ವಾರದ ಬೆವರಿಗೆ ಮೆತ್ತಗಾಗಿತ್ತು. "ಇದರಲ್ಲಿ ಅವೆರಡೂ ಇದಾವಾ ನೋಡು."

ಚೂಟಿ ಬಗ್ಗಿ ನೋಡಿದಳು. "ಇದಾವೆ ಅಮ್ಮ! ಟೋಪಿ ಮಾತ್ರ ಬೇರೆ ಥರ. ಹೆ... ರಿ... ಗೆ. ಹೆರಿಗೆ."

ಸೊಪ್ಪಿನಕ್ಕ ಬೆಂಚಿನಿಂದ ಎದ್ದಳು. ಕೆಂಪು ಚೀಲವನ್ನು ಬೆಂಚಿನ ಮೇಲೇ ಬಿಟ್ಟು ಬಂದಳು. "ನನ್ನ ಗಂಡನ ಹೊಟ್ಟೆ ಎಲ್ಲಿದೆ, ಅದನ್ನ ಕೀಳ್ರೇ ಮೊದ್ಲು," ಎಂದಳು, ಆದರೆ ಈ ಸಲ ಅವಳು ನಗುತ್ತಿರಲಿಲ್ಲ. ಗೇಟ್ ಕಾಯುವ ಅಪ್ಪನೂ ಎದ್ದ. ಅವನ ಮಗ ಓಡಿ ಬಂದು ಅವನ ಕೈ ಹಿಡಿದ. ಗೋಡೆಯ ಉದ್ದಕ್ಕೂ ಚರ್ ಚರ್ ಸದ್ದು. ಇದು ಯಾವುದು, ಇದು ಯಾವುದು. ಮಕ್ಕಳು ಹೇಳುತ್ತಿದ್ದರು, ದೊಡ್ಡವರು ಹೇಳಿಕೊಳ್ಳುತ್ತಿದ್ದರು. ಮೇಡಂ ಒಬ್ಬರ ಕೈ ಹಿಡಿದರೆ ಇನ್ನೊಬ್ಬರು ಕೀಳುತ್ತಿದ್ದರು.

ಕುರ್ಚಿಯ ಮೇಲಿದ್ದ ಅತಿಥಿಯ ಮುಖ ಅರಳಿತು. ಇದೂ ಕಾರ್ಯಕ್ರಮದ ಪಟ್ಟಿಯಲ್ಲಿರುವ ಒಂದು ಚಟುವಟಿಕೆ ಎಂದುಕೊಂಡರು ಆ ಪುಣ್ಯಾತ್ಮ.

"ಆಹಾ, ನೋಡಿ, ನೋಡಿ! ತಾಯಿ ಮಗಳು ಹೇಗೆ ಕೂಡಿ ಕಲೀತಿದ್ದಾರೆ! ಇದೇ ಬೇಕಾಗಿದ್ದದ್ದು. ಫೋಟೋ ತಗೊಳ್ರಿ, ಫೋಟೋ!"

ಎದ್ದು ನಿಂತು ಚಪ್ಪಾಳೆ ಶುರು ಮಾಡಿದರು. ಅವರು ತಟ್ಟಿದ ಮೇಲೆ ಕುರ್ಚಿಯವರೆಲ್ಲ ತಟ್ಟಿದರು. ಮೊದಲಿನಿಂದ ಬೆಂಚಿನಲ್ಲಿದ್ದವರು ತಟ್ಟಿದರು. ಬೇರೆ ದಾರಿ ಕಾಣದೆ ಮೇಡಂ ಕೂಡ ತಟ್ಟಿದರು. ಕ್ಯಾಮೆರಾ ಮುಂದೆ ಬಂತು. ಚಪ್ಪಾಳೆ ಜೋರಾಯಿತು. ಇಲ್ಲ ಅಂದದ್ದನ್ನೂ ಇವರು ತಮ್ಮದೇ ಮಾಡಿಕೊಂಡು ಗೋಡೆಗೆ ಹಾಕುತ್ತಾರೆ.

ದಾರದಕ್ಕನ ಕೈಯಲ್ಲಿ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡ ಅಕ್ಷರ ಇತ್ತು. ಚೂಟಿಯ ತುಟಿ ಅಲ್ಲಾಡುತ್ತಿತ್ತು. ಆ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ. "ಏನಂದೆ?" ಎಂದು ಬಗ್ಗಿದಳು. ಚೂಟಿ ಮತ್ತೆ ಹೇಳಿದಳು. ಮತ್ತೆ ಕೇಳಿಸಲಿಲ್ಲ. ಇನ್ನು ನಾಲ್ಕೇ ದಿನ. ಒಂದು ಗೋಡೆಯಷ್ಟು ಅಕ್ಷರ ಬಾಕಿ ಇದೆ.

ದಾರದಕ್ಕ ನೆಟ್ಟಗೆ ನಿಂತಳು. ಹನ್ನೊಂದು ವರ್ಷ ಯಂತ್ರಗಳ ಸದ್ದಿನ ಮೇಲೆ ಕೂಗಿ ರೂಢಿಯಾದ ಗಂಟಲು.

"ಚಪ್ಪಾಳೆ ನಿಲ್ಸಿ!"

ಅತಿಥಿಯ ಕೈ ಗಾಳಿಯಲ್ಲೇ ನಿಂತಿತು. ಒಬ್ಬೊಬ್ಬರಾಗಿ ಎಲ್ಲರ ಕೈಗಳೂ ನಿಂತವು.

"ನನ್ನ ಮಗಳು ಹೇಳೋದು ನಂಗೆ ಕೇಳಿಸ್ತಿಲ್ಲ," ಎಂದಳು ದಾರದಕ್ಕ. ಮಗಳ ಕಡೆ ತಿರುಗಿ ರಟ್ಟನ್ನು ಮತ್ತೆ ಎತ್ತಿ ಹಿಡಿದಳು. "ಹೂಂ, ಈಗ ಹೇಳು. ಇದು ಯಾವುದು?"